ಪುಟ್ಟಿಗೆ ಪ್ರಶ್ನೆ ಕೇಳಬೇಡ

ಚಿ. ಸೌ. ಸುಮಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನೀವು ಮೂವರೂ ಮ್ಯೂನಿಕ್ ತಲುಪಿದ ಸುದ್ದಿ ತಿಳಿದು ನಿರಾಳವಾಯಿತು. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನ ಮುಂದೆ ಆದ ಮಾತನ್ನು ಮತ್ತೆ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ತೂಕ 23 ಕೆಜಿ ಮೀರಿತ್ತು, ಏನನ್ನಾದರೂ ತೆಗೆಯಲೇಬೇಕಿತ್ತು, ಪುಟ್ಟಿಗೆಂದು ಇಟ್ಟಿದ್ದ ಕನ್ನಡ ಪುಸ್ತಕಗಳನ್ನು ನೀನು ತೆಗೆದೆ. ಅದಕ್ಕೆ ಬೇಜಾರಿಲ್ಲ. "ಕನ್ನಡದಲ್ಲಿ ಮಕ್ಕಳಿಗೆ ಒಳ್ಳೆ ಚಿತ್ರದ ಪುಸ್ತಕ ಎಲ್ಲಿದೆ ಅಮ್ಮ, ಇರೋದೆಲ್ಲ ನೀತಿಪಾಠ" ಅಂದೆಯಲ್ಲ, ಅದಕ್ಕೆ ಮಾತ್ರ ಉತ್ತರ ಕೊಡದೆ ಇರಲಾರೆ. ನಿನ್ನ ಚಿಕ್ಕಪ್ಪನ ಮಗ ಮುಂದಿನ ವಾರ ಆ ಕಡೆ ಹೊರಟಿದ್ದಾನೆ. ಅವನ ಕೈಲಿ ಪುಸ್ತಕಗಳ ಕಟ್ಟು, ಜೊತೆಗೆ ಈ ಪತ್ರ. ತೆಳು ರಟ್ಟಿನ ಪುಸ್ತಕ ಒಂದೊಂದೂ ನೂರು, ನೂರೈವತ್ತು ಗ್ರಾಂ ಅಷ್ಟೇ. ತೂಗುವುದೆಲ್ಲ ದಪ್ಪ ರಟ್ಟಿನ ಬೋರ್ಡ್ ಪುಸ್ತಕ. ಅವು ಅಲ್ಲೇ ಧಾರಾಳವಾಗಿ ಸಿಗುತ್ತವೆ, ಇಲ್ಲಿಂದ ಕಳಿಸುತ್ತಿಲ್ಲ.

ನೀನು ಹೇಳಿದ್ದರಲ್ಲಿ ಅರ್ಧ ನಿಜ. ಅಂಗಡಿಯಲ್ಲಿ ರಾಶಿ ಬಿದ್ದಿರುವುದರಲ್ಲಿ ಬಹುಪಾಲು, ಮಗುವಿಗೆ ಬುದ್ಧಿ ಹೇಳುವ ಆತುರದಲ್ಲಿರುವ ದೊಡ್ಡವರಿಗಾಗಿ ಮಾಡಿದ ಪುಸ್ತಕಗಳು. ಒಳ್ಳೆಯದನ್ನು ಆರಿಸುವುದು ಕಷ್ಟವೇನಲ್ಲ. ಮೊದಲು ಅಕ್ಷರಗಳಿಗೆ ಕೈ ಅಡ್ಡ ಇಟ್ಟು ಬರೀ ಚಿತ್ರ ನೋಡುತ್ತಾ ಕೊನೆವರೆಗೂ ಹೋಗು. ಆಮೇಲೆ ಚಿತ್ರ ಮುಚ್ಚಿ ಬರೀ ಮಾತು ಓದು. ಮಾತಿನಲ್ಲೇ ಕತೆ ಪೂರ್ತಿ ಸಿಕ್ಕಿಬಿಟ್ಟರೆ ಆ ಚಿತ್ರಗಳು ಅಲಂಕಾರಕ್ಕೆ ಕೂತಿವೆ ಅಂತಲೇ ಲೆಕ್ಕ. "ಹಸು ಕೊಟ್ಟಿಗೆಯಲ್ಲಿ ನಿಂತಿತ್ತು" ಅಂತ ಬರೆದು, ಕೊಟ್ಟಿಗೆಯಲ್ಲಿ ನಿಂತ ಹಸುವನ್ನೇ ಬಿಡಿಸಿದ್ದರೆ ಮಗುವಿಗೆ ಹುಡುಕಲು ಏನು ಉಳಿಯಿತು?

ಕನ್ನಡದ ಪುಸ್ತಕಕ್ಕೆ ಇನ್ನೊಂದು ಪರೀಕ್ಷೆ ಇದೆ, ಒತ್ತಕ್ಷರ ನೋಡುವುದು. ನಮ್ಮ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆಯಲ್ಲೇ ಸಾಲುಗಳ ನಡುವೆ ಜಾಗ ಬಿಟ್ಟರೆ ಮೇಲಿನ ಸಾಲಿನ 'ಸ್ತ್ರ' ಕೆಳಗಿನ ಸಾಲಿನ 'ಕೀ'ಗೆ ತಗುಲುತ್ತದೆ. ಅಕ್ಷರ ಕೂಡಿಸಿ ಓದುವ ವಯಸ್ಸಿನ ಮಗು ಎಡವುವುದು ಅಲ್ಲೇ. ಎರಡೂ ಅಂಚಿಗೆ ಸಮ ಮಾಡಿ ಜೋಡಿಸಿದ ಸಾಲೂ ಬೇಡ. 'ಓಡಿಹೋಗುತ್ತಿದ್ದಳಂತೆ' ಎಂಬ ಒಂದೇ ಪದ ಅರ್ಧ ಸಾಲು ತಿಂದುಬಿಡುತ್ತದೆ, ಉಳಿದ ಎರಡು ಪದಗಳ ನಡುವೆ ಬೆರಳು ತೂರುವಷ್ಟು ಸಂದು. ಎಡಕ್ಕೆ ಮಾತ್ರ ಒತ್ತಿ, ಉಸಿರು ನಿಲ್ಲುವ ಕಡೆ ಸಾಲು ಮುರಿದಿದ್ದರೆ ಪುಸ್ತಕ ಮಾಡಿದವರಿಗೆ ಕೆಲಸ ಗೊತ್ತಿದೆ ಅಂತ ತಿಳಿ. ಇನ್ನು ಬೈಂಡಿಂಗ್. ಗಮ್ ಬೈಂಡಿಂಗ್ ಆದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗವನ್ನು ಮಡಿಕೆ ನುಂಗುತ್ತದೆ. ನಡುವೆ ಪಿನ್ ಹೊಡೆದದ್ದು ಚಪ್ಪಟೆಯಾಗಿ ತೆರೆಯುತ್ತದೆ, ಆದರೆ ಪಿನ್ ಸಡಿಲವಾಗಿದೆಯೇ ಅಂತ ಆಗಾಗ ಬೆರಳಾಡಿಸಿ ನೋಡು.

ಹೀಗೆ ನೋಡಿದರೆ ಕನ್ನಡದಲ್ಲಿ ಒಳ್ಳೆಯವು ಸಿಕ್ಕೇ ಸಿಗುತ್ತವೆ. ಚೆನ್ನೈನ ತೂಲಿಕಾ ಪ್ರಕಾಶನದವರು 1996ರಿಂದ ಮಾಡುತ್ತಿದ್ದಾರೆ, ಕನ್ನಡ–ಇಂಗ್ಲಿಷ್ ಎರಡೂ ಇರುವ ಪುಸ್ತಕಗಳು ಅವರಲ್ಲಿವೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನದು ಅಗ್ಗದ ಬೆಲೆ, ಒಳ್ಳೆಯ ಚಿತ್ರ. ಅವರ ಸ್ಟೋರಿವೀವರ್ ಜಾಲತಾಣದ ವಿಷಯ ಮುಂದೆ ಬರೆಯುತ್ತೇನೆ.

ನಿಜ ಹೇಳಬೇಕೆಂದರೆ ನನ್ನ ಭಯ ಪುಸ್ತಕದ್ದಲ್ಲ. ನೀನು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಟಕ್ಕೆ ನಾಲ್ಕು ಪ್ರಶ್ನೆ ಕೇಳುತ್ತೀಯಲ್ಲ, ಅದರದ್ದು. ಇದೇನು? ಯಾವ ಬಣ್ಣ? ಎಷ್ಟಿದೆ? ಇದು ಹೇಗೆ ಕೂಗುತ್ತೆ? ಪ್ರಶ್ನೆ ಬಿದ್ದ ಕೂಡಲೇ ಮಗು ಚಿತ್ರ ಬಿಟ್ಟು ನಿನ್ನ ಮುಖ ನೋಡುತ್ತದೆ, ಹೇಳಿದ್ದು ಸರಿಯೋ ತಪ್ಪೋ ಅಂತ. ಅವಳ ಕಣ್ಣು ಪುಟದ ಮೂಲೆಯ ಇರುವೆಯ ಮೇಲಿರುತ್ತದೆ, ನಿನ್ನ ಬೆರಳು ನಡುವಿನ ಆನೆಯ ಮೇಲೆ. ಇರುವೆ ಅಲ್ಲಿಗೆ ಹೋಯಿತು. ಎರಡೂವರೆ ವರ್ಷಕ್ಕೆ ಪುಸ್ತಕ ಎಂದರೆ ಉತ್ತರ ಕೊಡುವ ಜಾಗ ಅಂತ ತಲೆಗೆ ಕೂತರೆ, ಐದಕ್ಕೆ ಸ್ಕೂಲಿನಲ್ಲಿ ಅದೇ, ಹತ್ತಕ್ಕೂ ಅದೇ. ಆಮೇಲೆ "ನಮ್ಮ ಮಗು ಪುಸ್ತಕ ಮುಟ್ಟೋದೇ ಇಲ್ಲ" ಅಂತ ಕೊರಗುವ ತಾಯಂದಿರನ್ನು ಸಾಲು ಸಾಲಾಗಿ ನೋಡಿದ್ದೇನೆ. ನೀನು ಹಾಗಾಗಬಾರದು.

ಕಟ್ಟಿನಲ್ಲಿ ಇಂಗ್ಲಿಷಿನದೂ ಒಂದಿದೆ. ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ 'ರೋಸೀಸ್ ವಾಕ್'. ಇಡೀ ಪುಸ್ತಕಕ್ಕೆ ಒಂದೇ ವಾಕ್ಯ, 32 ಪದ. ಕೋಳಿಯೊಂದು ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿಳಿದು, ಊಟದ ಹೊತ್ತಿಗೆ ಗೂಡಿಗೆ ಬರುತ್ತದೆ. ಅದರ ಹಿಂದೆಯೇ ಒಂದು ನರಿ. ನೆಗೆಯುವಾಗೆಲ್ಲ ಒಂದೊಂದು ಗಂಡಾಂತರ: ಹಲ್ಲುಕುಂಟೆ ಮೂತಿಗೆ ಬಡಿಯುತ್ತದೆ, ಕೊಳಕ್ಕೆ ಬೀಳುತ್ತದೆ, ಹಿಟ್ಟು ಮೈಮೇಲೆ ಸುರಿಯುತ್ತದೆ, ಕೊನೆಗೆ ಜೇನುಹುಳ ಅಟ್ಟಿಸಿಕೊಂಡು ಹೋಗುತ್ತವೆ. ಮಾತಿನಲ್ಲಿ ನರಿಯ ಹೆಸರೇ ಇಲ್ಲ! ಓದುವ ಅಮ್ಮನಿಗೆ ಗೊತ್ತಿಲ್ಲದ್ದು ನೋಡುವ ಮಗುವಿಗೆ ಗೊತ್ತಿರುತ್ತದೆ. ಆ ಹಿಗ್ಗಿಗಾಗಿಯೇ ಮಾಡಿದ ಪುಸ್ತಕ ಅದು. ದಯವಿಟ್ಟು "ನರಿ ಎಲ್ಲಿದೆ ತೋರಿಸು" ಅನ್ನಬೇಡ. ಬರೀ ಕೋಳಿಯ ಕತೆ ಹೇಳಿಕೊಂಡು ಹೋಗು. ಮೊದಲ ಸಲ ಅವಳಿಗೆ ನರಿ ಕಾಣದೇ ಹೋಗಬಹುದು. ಹೋಗಲಿ, ನಾಳೆ ಕಾಣುತ್ತದೆ. "ಅಮ್ಮಾ, ನರಿ!" ಅಂತ ಅವಳೇ ಕೂಗುವ ಸಂತೋಷವನ್ನು ನೀನು ಮೊದಲೇ ಕಸಿದುಕೊಳ್ಳಬೇಡ.

ಹಾಗಾದರೆ ಸುಮ್ಮನೆ ಕೂರಲಾ ಅಂತ ಕೇಳುತ್ತೀಯ. ಕೂರು. ಪುಟ ತಿರುಗಿಸಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ ಆಮೇಲೆ ಬಾಯಿ ತೆಗೆ. ಅವಳು ಬೆರಳಿಟ್ಟದ್ದಕ್ಕೆ ಮಾತ್ರ ಮಾತು ಕೂಡಿಸು. "ನಾಯಿ" ಅಂದರೆ "ಹೂಂ, ನಾಯಿ ಮಣ್ಣು ಕೆದಕ್ತಾ ಇದೆ" ಅನ್ನು, ಅಷ್ಟು ಸಾಕು. ತಪ್ಪು ಹೇಳಿದರೆ ತಿದ್ದಬೇಡ, ಸರಿಯಾದ ಹೆಸರನ್ನು ನಿನ್ನ ಮಾತಿನಲ್ಲಿ ಬಳಸು. ಪುಟ ತಿರುವುವ ಕೆಲಸ ಅವಳದ್ದು. ಸಾಮಾನ್ಯವಾಗಿ ಚಿತ್ರಪುಸ್ತಕಕ್ಕೆ 32 ಪುಟ, ಏಕೆಂದರೆ ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಿಸಿದರೆ 16 ಪುಟ, ಅಂಥವು ಎರಡು. ಶೀರ್ಷಿಕೆಯ ಪುಟಗಳು ಕಳೆದರೆ ಕತೆಗೆ ಹದಿಮೂರು ಹದಿನಾಲ್ಕು ಜೋಡಿಪುಟ ಉಳಿಯುತ್ತವೆ. ಒಳ್ಳೆಯ ಚಿತ್ರಕಾರರು ಕುತೂಹಲವನ್ನೆಲ್ಲ ಬಲಪುಟದ ಅಂಚಿಗೆ ತಂದು ನಿಲ್ಲಿಸಿರುತ್ತಾರೆ. ಆ ಅಂಚು ಅವಳ ಕೈಯಲ್ಲಿರಬೇಕು. ಹಿಂದಕ್ಕೆ ತಿರುಗಿಸಿದರೂ ಸರಿ, ಒಂದೇ ಪುಟದಲ್ಲಿ ಕೂತರೂ ಸರಿ. ಒಂದೇ ಪುಸ್ತಕ ದಿನಾ ಬೇಕು ಅಂದರೆ ದಿನಾ ಅದನ್ನೇ ಓದು, ಬಚ್ಚಿಡಬೇಡ.

ಮೌರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963) ನಿನ್ನ ಹತ್ತಿರ ಇದೆ ಅಂದೆ. ಮೂರೂವರೆ ತುಂಬಲಿ, ಆಮೇಲೆ ತೆಗೆ. ಗಮನಿಸಿದ್ದೀಯಾ, ಮೊದಲ ಚಿತ್ರ ಪುಟದ ನಡುವೆ ಚಿಕ್ಕ ಚೌಕದಲ್ಲಿದೆ. ಹುಡುಗನ ಕೋಪ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ, ಬಿಳಿ ಅಂಚು ಕರಗುತ್ತದೆ, ಕೊನೆಗೆ ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ. ಅಲ್ಲಿ ನೀನು ಏನಾದರೂ ತುಂಬಿಸಲು ಹೋಗಬೇಡ, ಅವಳು ಕಿರುಚಿ ಕುಣಿಯಲಿ. ಮುಗಿದ ಮೇಲೆ "ಇದರಿಂದ ಏನು ಕಲಿತೆ?" ಅನ್ನುವುದಂತೂ ಬೇಡವೇ ಬೇಡ. ನೀತಿಪಾಠ ಅಂತ ಕನ್ನಡದ ಪುಸ್ತಕಗಳನ್ನು ಬದಿಗಿಟ್ಟವಳು ನೀನು. ಪುಸ್ತಕದಲ್ಲಿ ಇಲ್ಲದ ನೀತಿಯನ್ನು ಬಾಯಲ್ಲಿ ಕೇಳಿದರೆ ಅದೂ ನೀತಿಪಾಠವೇ. ಅದೇ ಮಾತಿಗೆ ಮತ್ತೆ ಬಂದೆ ಅಂತ ಗೊತ್ತು. ಹೇಳದೆ ಇರಲಾಗುವುದಿಲ್ಲ.

ಭಾಷೆಯದೂ ಒಂದು ಮಾತು. ಅಚ್ಚಿನಲ್ಲಿ "ಅವನು ಮನೆಗೆ ಹೋದನು" ಅಂತಿದ್ದರೆ "ಮನೇಗ್ ಹೋದ" ಅಂತಲೇ ಓದು. ಮನೆಯಲ್ಲಿ ಯಾರೂ ಆಡದ ಕನ್ನಡವನ್ನು ಪುಸ್ತಕದಿಂದ ಕೇಳಿದರೆ ಮಗುವಿಗೆ ಅದು ಜರ್ಮನ್‌ನಷ್ಟೇ ದೂರ. ಬೆರಳಿಟ್ಟು ಅಕ್ಷರ ಗುರುತಿಸಲು ಶುರು ಮಾಡಿದ ಮೇಲೆ ಅಚ್ಚಿನಲ್ಲಿದ್ದಂತೆ ಓದು, ಆಗ ಕಣ್ಣು ಕಿವಿ ಎರಡೂ ಹೊಂದಬೇಕು. ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳುವಾಗ ಸಾಲು ಸಾಲು ತಿರುಗಿಸಲು ಹೋಗಬೇಡ. ಒಂದೇ ವಾಕ್ಯ ಎರಡು ಪುಟಕ್ಕೆ ಹರಡಿದ್ದರೆ, ನಮ್ಮ ಕ್ರಿಯಾಪದ ಕೊನೆಗೆ ಬರುವುದರಿಂದ ಮುಂದಿನ ಪುಟದ ಗುಟ್ಟು ಈ ಪುಟದಲ್ಲೇ ಬಯಲಾಗುತ್ತದೆ. ಎರಡೂ ಪುಟ ಮೊದಲೇ ನೋಡಿಟ್ಟುಕೊಂಡು, "ಬಾಗಿಲು ತೆಗೆದು ನೋಡ್ತಾಳೆ..." ಅಂತ ನಿಲ್ಲಿಸಿ ತಿರುಗಿಸು. ಪಂಜೆಯವರ, ರಾಜರತ್ನಂ ಅವರ ಶಿಶುಗೀತೆಗಳಿಗೆ ಪುಸ್ತಕವೇ ಬೇಡ, ಸ್ನಾನದ ಮನೆಯಲ್ಲಿ ಹೇಳು. ಕಿಂದರಿಜೋಗಿಗೆ ಇನ್ನೂ ಸ್ವಲ್ಪ ಕಾಯಬೇಕು. ಐದರ ಹೊತ್ತಿಗೆ ಆ ಇಲಿಗಳ ಪಟ್ಟಿಯನ್ನು ಅವಳೇ ಬಾಯಿಪಾಠ ಮಾಡುತ್ತಾಳೆ.

ಕನ್ನಡ ಪುಸ್ತಕದ ಕಾಗದ ಕಳಪೆ ಅಂದೆಯಲ್ಲ, ನೀನಿರುವ ಊರಿನ ಕತೆಯನ್ನೇ ಹೇಳುತ್ತೇನೆ. ಯೆಲ್ಲಾ ಲೆಪ್‌ಮನ್ ಎಂಬ ಯಹೂದಿ ಮಹಿಳೆ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಹೋಗಿ, ಯುದ್ಧ ಮುಗಿದ ಮೇಲೆ ವಾಪಸು ಬಂದರು. ಬೇರೆ ಬೇರೆ ದೇಶಗಳಿಂದ ಮಕ್ಕಳ ಪುಸ್ತಕ ಬೇಡಿ ತರಿಸಿ 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ಮಾಡಿದರು. ಹೂವಿನ ವಾಸನೆ ನೋಡುತ್ತಾ ಕೂರುವ, ಕಾದಾಡಲು ಒಲ್ಲದ ಹೋರಿ ಫರ್ಡಿನೆಂಡ್‌ನ ಕತೆಯನ್ನು ತಾವೇ ಜರ್ಮನ್‌ಗೆ ತಿರುಗಿಸಿ, ಪತ್ರಿಕೆಯ ಕಾಗದದಲ್ಲಿ 30,000 ಪ್ರತಿ ಹಾಕಿಸಿ ಮಕ್ಕಳಿಗೆ ಹಂಚಿದರು. ಕಪ್ಪು ಗೆರೆಯ ಚಿತ್ರಗಳಾದ್ದರಿಂದ ಆ ಕಾಗದಕ್ಕೂ ಒಗ್ಗಿತು. ಅವರು 1949ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯ 1983ರಿಂದ ನಿಮ್ಮೂರಿನ ಬ್ಲೂಟೆನ್‌ಬುರ್ಗ್ ಕೋಟೆಯಲ್ಲಿದೆ. ಒಂದು ಶನಿವಾರ ಅಳಿಯಂದಿರ ಜೊತೆ ಪುಟ್ಟಿಯನ್ನು ಕರೆದುಕೊಂಡು ಹೋಗು. ಹೊರಡುವ ಮುಂಚೆ ಸಮಯ ವಿಚಾರಿಸು.

ಸ್ಟೋರಿವೀವರ್ 2015ರಲ್ಲಿ ಶುರುವಾದದ್ದು. ಕನ್ನಡದ ಚಿತ್ರಪುಸ್ತಕಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಕೊಳ್ಳಲು ಅನುಮತಿಯೂ ಇದೆ. ಪುಟ್ಟಿಗೆ 'ಹಂತ 1' ಮಾತ್ರ, 250 ಪದದೊಳಗಿನವು. ಫೋನಿನಲ್ಲಿ ತೋರಿಸಬೇಡ, ಪ್ರಿಂಟ್ ತೆಗೆ. ಎ4 ಹಾಳೆ 120 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇರಲಿ, 80ರದ್ದಾದರೆ ಹಿಂಬದಿಯ ಬಣ್ಣ ಈಚೆ ಕಾಣುತ್ತದೆ. ಪ್ರಿಂಟರ್‌ನಲ್ಲಿ 'ಬುಕ್‌ಲೆಟ್' ಆರಿಸಿ, 'ಶಾರ್ಟ್ ಎಡ್ಜ್' ಕೊಡು. 'ಲಾಂಗ್ ಎಡ್ಜ್' ಕೊಟ್ಟರೆ ಹಿಂಬದಿ ತಲೆಕೆಳಗಾಗುತ್ತದೆ. ಒಟ್ಟು ಪುಟ 4ರಿಂದ ಭಾಗವಾಗದಿದ್ದರೆ ಕೊನೆಗೆ ಖಾಲಿ ಪುಟ ಸೇರಿಸು. ಎಲ್ಲ ಹಾಳೆ ಒಟ್ಟಿಗೆ ಮಡಿಸಿ, ಚಮಚದ ಬೆನ್ನಿನಿಂದ ಉಜ್ಜಿ, ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡು. ದಾರ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ, ಮೇಲಿನದರಲ್ಲಿ ಒಳಗೆ, ಅಲ್ಲಿಂದ ನೇರ ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಒಳಗಿನ ಉದ್ದ ದಾರವನ್ನು ಎರಡು ತುದಿಗಳ ನಡುವೆ ಇಟ್ಟು ಗಂಟು ಹಾಕು. ಮಕ್ಕಳ ಕೈಗೆ ಪಿನ್‌ಗಿಂತ ದಾರವೇ ಕ್ಷೇಮ.

ಪುಟ ಹರಿದರೆ ಸೆಲೋಟೇಪ್ ಹಚ್ಚಬೇಡ. ವರ್ಷ ಕಳೆದರೆ ಹಳದಿಯಾಗಿ, ಅಂಟು ಜಿನುಗಿ ಪಕ್ಕದ ಪುಟವನ್ನೂ ಹಿಡಿಯುತ್ತದೆ. ಒಂದು ಚಮಚ ಮೈದಾಗೆ ಆರು ಚಮಚ ನೀರು, ಸಣ್ಣ ಉರಿಯಲ್ಲಿ ಗಂಜಿಯ ಹದ. ತೆಳು ಟಿಶ್ಯೂ ಕಾಗದವನ್ನು ಕತ್ತರಿಸದೆ ಕೈಯಲ್ಲೇ ಹರಿದು ಪಟ್ಟಿ ಮಾಡಿದರೆ ಅಂಚು ಎದ್ದು ಕಾಣುವುದಿಲ್ಲ. ಅಂಟಿಸಿ, ಎರಡೂ ಕಡೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರು. ಇಲ್ಲಿ ಬೈಂಡರ್‌ಗಳು ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವುದುಂಟು, ಅದು ವಿಷ. ಹಾಗೆ ಬೈಂಡ್ ಮಾಡಿಸಿದ ಹಳೆಯ ಪುಸ್ತಕ ಯಾವುದನ್ನೂ ಕಟ್ಟಿನಲ್ಲಿ ಇಟ್ಟಿಲ್ಲ. ಪುಟ್ಟಿ ಇನ್ನೂ ಎಲ್ಲ ಬಾಯಿಗೆ ಹಾಕುತ್ತಾಳಲ್ಲ.

ನಾನು ಈಗ ಏನು ಓದುತ್ತಿದ್ದೇನೆ ಅಂತ ನೀನು ಕೇಳಿದ್ದೆ. ಬಾನು ಮುಷ್ತಾಕ್ ಅವರ ಕತೆಗಳಿಗೆ ಮತ್ತೆ ಹೋದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನೂ ಪಕ್ಕದಲ್ಲಿಟ್ಟು ಓದಿದೆ. ಅಡಿಟಿಪ್ಪಣಿ ಹಾಕದೆ ನಮ್ಮ ಮಾತನ್ನು ಹಾಗೇ ಬಿಟ್ಟಿರುವುದು ಹಿಡಿಸಿತು. ಆದರೂ ಹೆಂಗಸರ ಜಗಳದ ಭಾಗಗಳು ಕನ್ನಡದಲ್ಲೇ ಸೊಗಸು. ಜಪಾನಿನ ತೆತ್ಸುಕೊ ಕುರೊಯಾನಾಗಿಯವರ 'ತೊತ್ತೋ-ಚಾನ್' ನಿನಗಾಗಿ ಇಟ್ಟಿದ್ದೇನೆ. ರೈಲುಡಬ್ಬಿಯ ಶಾಲೆ ನಿನಗೆ ಗೊತ್ತೇ ಇದೆ, ಈ ಸಲ ಚಿತ್ರಗಳಿಗಾಗಿ ನೋಡು. ಪುಸ್ತಕ ಬಂದದ್ದು 1981ರಲ್ಲಿ, ಆ ಜಲವರ್ಣದ ಮಕ್ಕಳನ್ನು ಬರೆದ ಚಿಹಿರೋ ಇವಾಸಾಕಿ ತೀರಿಕೊಂಡದ್ದು 1974ರಲ್ಲಿ. ಮೊದಲೇ ಇದ್ದ ಚಿತ್ರಗಳನ್ನು ಆರಿಸಿ ಕೂಡಿಸಿದ್ದು. ಮಕ್ಕಳನ್ನು ಅಷ್ಟು ಚೆನ್ನಾಗಿ ನೋಡಿದ್ದರಿಂದಲೇ ಅವು ಬೇರೆಯವರ ಕತೆಗೂ ಹೊಂದಿಕೊಂಡವು ಅನ್ನಿಸುತ್ತದೆ.

ಉಪದೇಶ ಅತಿಯಾಯಿತು, ಕ್ಷಮಿಸು. ಆಫೀಸು, ಅಡುಗೆ, ಹೊಸ ಊರು, ಹೊಸ ಭಾಷೆ, ಎಲ್ಲದರ ನಡುವೆ ರಾತ್ರಿ ಮಗುವಿನ ಜೊತೆ ಪುಸ್ತಕ ಹಿಡಿದು ಕೂರುತ್ತೀಯಲ್ಲ, ಅದು ಸಾಮಾನ್ಯದ ಮಾತಲ್ಲ. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆ ಅಂತ ಎದುರಿಗಿದ್ದಾಗ ಹೇಳಲು ಬರುವುದಿಲ್ಲ.

ಭಾನುವಾರ ವಿಡಿಯೋ ಕಾಲ್ ಮಾಡಿದಾಗ "ಅಜ್ಜಿಗೆ ಹೇಳು, ಇದೇನು ಹೇಳು" ಅಂತ ಅವಳನ್ನು ನಿಲ್ಲಿಸಬೇಡ. ಪುಸ್ತಕ ಹಿಡಿದು ಅವಳ ಪಾಡಿಗೆ ಕೂತಿರಲಿ, ನಾನು ನೋಡುತ್ತೇನೆ.

ನಿನ್ನ ಅಮ್ಮ