ಅಮ್ಮನ ಮುಖದ ಗುರುತು ಅಳಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಸಾಗರದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಂ ಜೊತೆಗೆ ಹಳೆಯ ಫೋಟೊಗಳನ್ನು ಪೇಂಟಿಂಗ್ ಥರ ಮಾಡಿ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಕೊಡುತ್ತೇನೆ. ಎಐ ಬಂದ ಮೇಲೆ ಇದನ್ನು ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ಒಬ್ಬರು ತೀರಿಹೋದ ತಮ್ಮ ತಾಯಿಯ ಫೋಟೊ ತಂದರು. ಅಂಗೈ ಅಗಲದ ಕಪ್ಪು ಬಿಳುಪು ಪ್ರಿಂಟು, ಒಂದು ಮೂಲೆಗೆ ಬೂಷ್ಟು ಹಿಡಿದಿತ್ತು. ವರ್ಷಾಂತಿಕಕ್ಕೆ ನಾಲ್ಕೇ ದಿನ ಇತ್ತು. ಅವಸರದಲ್ಲಿ ಸ್ಕ್ಯಾನ್ ಮಾಡಿ, ಆಯಿಲ್ ಪೇಂಟಿಂಗ್ ಮಾಡಲು ಎಐಗೆ ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಸೀರೆಯ ನೆರಿಗೆ, ಹಿಂದಿನ ಮಬ್ಬು ಬೆಳಕು ಎಲ್ಲ ಸೊಗಸಾಗಿತ್ತು. ಅವರು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಂದ ಇದೆ. ಆದ್ರೆ ಇದು ನಮ್ಮಮ್ಮ ಅಲ್ಲ" ಅಂದರು.

ಹಳೆಯ ಫೋಟೊವನ್ನು ಪಕ್ಕದಲ್ಲಿಟ್ಟು ನೋಡಿದೆ. ಆ ತಾಯಿಯ ಕೆನ್ನೆ ತುಂಬ ಸಿಡುಬಿನ ಕಲೆ. ಕಿವಿಯ ಮೇಲ್ಗಡೆ ಬುಗುಡಿ. ಎಡಗಣ್ಣು ಒಂಚೂರು ಸಣ್ಣದು. ಚಿತ್ರದಲ್ಲಿ ಇದ್ಯಾವುದೂ ಇರಲಿಲ್ಲ. ಎಐ ನಮ್ಮ ಫೋಟೊದ ಮೇಲೇ ಬಣ್ಣ ಬಳಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇಂಥ ಹೆಚ್ಚಿನ ಎಐಗಳು ಫೋಟೊವನ್ನು ನೋಡಿಕೊಂಡು, ತಾವು ಕಲಿತ ಲೆಕ್ಕವಿಲ್ಲದಷ್ಟು ಚಿತ್ರಗಳ ಅಂದಾಜಿನ ಮೇಲೆ ಮುಖವನ್ನು ಹೊಸದಾಗಿ ಕಟ್ಟುತ್ತವೆ. ಸಿಡುಬಿನ ಕಲೆಗೂ ಪ್ರಿಂಟಿನ ಬೂಷ್ಟಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯಲಿಲ್ಲ. ಎರಡನ್ನೂ ಒರೆಸಿಬಿಟ್ಟಿತ್ತು.

ಎರಡು ರಾತ್ರಿ ಕೂತು ಮತ್ತೆ ಮಾಡಿದೆ. ಫೋಟೊಶಾಪ್‌ನಲ್ಲಿ 2010ರಿಂದಲೂ ಮಿಕ್ಸರ್ ಬ್ರಶ್ ಇದೆ. ಫೋಟೊದ ಮೇಲೊಂದು ಖಾಲಿ ಲೇಯರ್ (ಪದರ) ಇಟ್ಟು, 'ಸ್ಯಾಂಪಲ್ ಆಲ್ ಲೇಯರ್ಸ್' ಆನ್ ಮಾಡಿ ಎಳೆದರೆ, ಕೆಳಗಿನ ಬಣ್ಣವನ್ನೇ ಎತ್ತಿಕೊಂಡು ಹಸಿ ಪೇಂಟಿನ ಹಾಗೆ ಕಲಸುತ್ತದೆ. ಕೆನ್ನೆಯಲ್ಲಿ ಅದರ ಉಬ್ಬಿನ ಗುಂಟವೇ ಎಳೆಯಬೇಕು, ಕೂದಲಲ್ಲಿ ಬಾಚಣಿಗೆ ಹೋದ ದಾರಿಯಲ್ಲಿ. ಕಣ್ಣಿಗೆ ತೀರಾ ಸಣ್ಣ ಬ್ರಶ್ಶು. ಕಣ್ಣೊಳಗಿನ ಬೆಳಕಿನ ಚುಕ್ಕಿ ಕದಡಿದರೆ ಮುಖವೇ ಸತ್ತುಹೋಗುತ್ತದೆ. ಹಿನ್ನೆಲೆ, ಸೀರೆ ಎಐ ಮಾಡಿದ್ದನ್ನೇ ಇಟ್ಟುಕೊಂಡೆ. ಮುಖ, ಕಿವಿ, ಕೈ ಮಾತ್ರ ಹಳೆಯ ಫೋಟೊದ ಮೇಲೇ ತೆಳುವಾಗಿ ಬಣ್ಣ ಕೊಟ್ಟು ಬರೆದೆ. ಸೀರೆ ಯಾವ ಬಣ್ಣದ್ದು ಅಂತ ಫೋನ್ ಮಾಡಿ ಕೇಳಿದೆ. ಎಐ ಕೆಂಪು ಹಾಕಿತ್ತು, ಅದು ಗಿಣಿಹಸಿರಂತೆ. ಆ ಬಣ್ಣ ಮಾತ್ರ ಬದಲಿಸಿದೆ. ಕಪ್ಪು ಬಿಳುಪು ಫೋಟೊದ ಬಣ್ಣ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ, ಅಲ್ವಾ? ಈ ಸಲ ಅವರು ಮೊದಲು ಕೆನ್ನೆಯ ಮೇಲೆ ಬೆರಳಿಟ್ಟು ನೋಡಿದರು.

ಎಐ ಮುಟ್ಟಲೇಬಾರದು ಎನ್ನುವವನಲ್ಲ ನಾನು. 1857ರಲ್ಲೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬ ಫೋಟೊಗ್ರಾಫರ್ ಸುಮಾರು 30 ನೆಗೆಟಿವ್ ಜೋಡಿಸಿ ಪೇಂಟಿಂಗಿನಂಥ ಒಂದೇ ಚಿತ್ರ ಮಾಡಿದ್ದರು. ನಾವೂ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಟಚಿಂಗ್ ಮಾಡಿದವರೇ. ಆದರೆ ಹೇಗೆ ಮಾಡಿದ್ದು ಅಂತ ಹೇಳಬೇಕು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಅವರ ಚಿತ್ರಕ್ಕೆ ಸೋನಿ ವಿಶ್ವ ಫೋಟೊಗ್ರಫಿ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅದು ಎಐ ಚಿತ್ರ, ಎಐಗೂ ಫೋಟೊಗ್ರಫಿಗೂ ಒಂದೇ ಸ್ಪರ್ಧೆ ಸಲ್ಲದು ಅಂತ ಹೇಳಿ ಅವರು ಬಹುಮಾನ ಬೇಡವೆಂದರು. ನಮ್ಮೂರುಗಳ ಸ್ಪರ್ಧೆಗಳಲ್ಲೂ ಎಐ ಚಿತ್ರಗಳಿಗೆ ಬೇರೆ ವಿಭಾಗ ಇರಲಿ. ಫೋಟೊ ವಿಭಾಗದಲ್ಲಿ ಕ್ಯಾಮೆರಾದ ಮೂಲ ಫೈಲ್ ಕೇಳಲಿ.

ಸ್ಟುಡಿಯೊ ಗೆಳೆಯರಲ್ಲಿ ಒಂದು ವಿನಂತಿ. ಫ್ರೇಮಿನ ಹಿಂದೆ ಎರಡು ಸಾಲು ಬರೆಯಿರಿ: ಯಾವುದು ಎಐ ಮಾಡಿದ್ದು, ಯಾವುದು ಕೈಯಲ್ಲಿ ಮಾಡಿದ್ದು. ಚಿತ್ರ ಮಾಡಿಸಲು ಬರುವವರಿಗೂ ಒಂದು ಮಾತು. ಮಚ್ಚೆ, ಕಲೆ, ಓಲೆ, ಸೀರೆ ಬಣ್ಣ ಎಲ್ಲವನ್ನೂ ಮೊದಲೇ ಹೇಳಿ. ನಾನು ಈಗ ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡೇ ಕೆಲಸಕ್ಕೆ ಕೂರುತ್ತೇನೆ. ಹಳೆಯ ಪ್ರಿಂಟನ್ನು ಮಾತ್ರ ದಯವಿಟ್ಟು ಎಸೆಯಬೇಡಿ.

— ಒಬ್ಬ ಸ್ಟುಡಿಯೊ ಫೋಟೊಗ್ರಾಫರ್, ಸಾಗರ