ಬೆಟ್ಟು ಗದ್ದೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆಯವರು ಸ್ವಲ್ಪ ನಿಶ್ಚಿಂತರು. ಇದು ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಯನ್ನೇ ನಂಬಿದ ನಮ್ಮಂಥವರಿಗೆ.

ಈ ಬಾರಿ ಏಣೆಲು ಬೆಳೆಯ (ಮಳೆಗಾಲದ ಭತ್ತದ) ನೇಜಿಗೆ, ಅಂದರೆ ನಾಟಿ ಸಸಿಗೆ, ಬೀಜವನ್ನೆಲ್ಲ ಒಂದೇ ದಿನ ಹಾಕಬೇಡಿ. ಅರ್ಧ ಈಗ, ಉಳಿದರ್ಧ ಹತ್ತು ಹನ್ನೆರಡು ದಿನ ಬಿಟ್ಟು. ಮೃಗಶಿರ ಮಳೆಯ ಲೆಕ್ಕ ಇನ್ನು ನಡೆಯುವುದಿಲ್ಲ: 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2023ರ ಆಗಸ್ಟ್ ಅಂತೂ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದರೆ ಒಮ್ಮೆಲೇ ಸುರಿಯುತ್ತದೆ, ನಡುವೆ ಬಿಸಿಲು. ‘ಒಟ್ಟು ಮಳೆ ವಾಡಿಕೆಯಷ್ಟೇ ಆಗಿದೆ’ ಎನ್ನುವವರು ಬೆಟ್ಟು ಗದ್ದೆಯಲ್ಲಿ ಒಂದು ವಾರ ನಿಂತು ನೋಡಲಿ. ನೀರು ಇಂಗಿದ ಕೂಡಲೇ ಕಳೆ ಮೇಲೇಳುತ್ತದೆ, ನಾಟಿ ತಡವಾಗಿ ನೇಜಿ ಬಲಿತು ತೆಂಡೆ (ಬುಡದ ಕವಲು) ಒಡೆಯುವುದು ಕಡಿಮೆಯಾಗುತ್ತದೆ.

ಬದುವಿನ ಏಡಿ ಬಿಲಗಳನ್ನು ಈಗಲೇ ಕೆಸರು ಮೆತ್ತಿ ಮುಚ್ಚಿ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಯೂರಿಯಾ ಚೀಲ ಬಿಚ್ಚಬೇಡಿ, ಅದು ತೋಡಿನ ಪಾಲು.

ಬೇಗ ಕೊಯ್ಲಿಗೆ ಬರುವ ತಳಿಯ ಬೀಜ ಬೇಕಾದವರು ಶನಿವಾರದೊಳಗೆ ಈ ಗುಂಪಿನಲ್ಲೇ ಹೆಸರು, ಎಷ್ಟು ಕಿಲೋ ಎಂದು ಬರೆಯಿರಿ. ಶುಭೋದಯದ ಚಿತ್ರಗಳ ನಡುವೆ ಹುಡುಕುವಂತಾಗದಿರಲಿ.