ಸರ್ಟಿಫಿಕೇಟ್ ಕೊಳ್ಳಬೇಡ, ಸೋಮವಾರ ಬ್ಯಾಡಗಿ ಪೇಟೆಗೆ ಬಾ

ಬ್ಯಾಡಗಿ

ಚಿ. ಪುಟ್ಟಿಗೆ, ನಿನ್ನ ಮಾಮಾನ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ನಿನ್ನ ಬಿಬಿಎ ಕಡೆಯ ಸೆಮಿಸ್ಟರ್‌ಗೆ ಎಂಟು ವಾರದ ಇಂಟರ್ನ್‌ಶಿಪ್ ಇದೆಯಂತೆ. ಹುಬ್ಬಳ್ಳಿಯಲ್ಲಿ ಯಾರೋ ದುಡ್ಡು ತಗೊಂಡು, ಒಂದು ದಿನವೂ ಹೋಗದವರಿಗೆ ಸರ್ಟಿಫಿಕೇಟ್ ಬರೆದುಕೊಡುತ್ತಾರಂತೆ. ಗೆಳತಿಯರು ಆಗಲೇ ತಗೊಂಡಿದ್ದಾರೆ, ನೀನು ಇನ್ನೂ ಯೋಚನೆ ಮಾಡುತ್ತಿದ್ದೀ ಎಂದಳು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ.

ನಾನು ಬಿ.ಕಾಂ. ಮುಗಿಸಿ ಇಲ್ಲಿಯ ಒಂದು ದಲಾಲಿ ಅಂಗಡಿಗೆ ಸೇರಿದಾಗ ಫಸ್ಟ್ ಕ್ಲಾಸ್ ಬಂದಿತ್ತು. ಜಮಾ ಖರ್ಚು ಬಾಯಿಪಾಠ. ಮೊದಲನೇ ವಾರವೇ ಒಬ್ಬ ರೈತರ 20 ಚೀಲ ಮೆಣಸಿನಕಾಯಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆದೆ. ಖಾಲಿ ಚೀಲದ ತೂಕ ಕಳೆಯಲೇ ಇಲ್ಲ. ಚೀಲಕ್ಕೆ ಒಂದು ಕಿಲೋ ಹಿಡಿದರೂ 20 ಕಿಲೋ ಕಾಯಿಯ ದುಡ್ಡು ಅಂಗಡಿಯ ಕೈಬಿಟ್ಟಿತು. ಹಿರಿಯ ಗುಮಾಸ್ತರು ಬೈಯಲಿಲ್ಲ. ಒಂದು ಖಾಲಿ ಚೀಲ ತಂದು ನನ್ನ ಕೈಯಿಂದಲೇ ತೂಗಿಸಿದರು. ಆಮೇಲೆ ಹಳೆಯ ಹತ್ತು ಪಟ್ಟಿ ಕೊಟ್ಟು, ಪ್ರತಿಯೊಂದರಲ್ಲೂ ಏನೇನು ಕಳೆದಿದ್ದಾರೆ, ಯಾಕೆ ಕಳೆದಿದ್ದಾರೆ ಹೇಳು ಎಂದರು. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದು ಆ ಮಧ್ಯಾಹ್ನ ನನಗೆ ನಿಜವಾಗಿ ಅರ್ಥವಾಯಿತು. ಕಾಲೇಜು ಸುಳ್ಳು ಅಂತ ಹೇಳುತ್ತಿಲ್ಲ. ಅಲ್ಲಿ ಕಲಿಯದಿದ್ದರೆ ಈ ಪಟ್ಟಿಯೂ ನನಗೆ ಬರೀ ಅಂಕಿಯಾಗಿ ಕಾಣುತ್ತಿತ್ತು. ಎರಡೂ ಒಂದಕ್ಕೊಂದು ತಾಗಬೇಕು, ಅಷ್ಟೇ.

ಇದು ಹೊಸ ಮಾತೂ ಅಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲೇ ಎಂಜಿನಿಯರಿಂಗ್ ಹುಡುಗರನ್ನು ಸ್ವಲ್ಪ ದಿನ ತರಗತಿಗೆ, ಸ್ವಲ್ಪ ದಿನ ಕಾರ್ಖಾನೆಗೆ ಕಳಿಸುವ ಪದ್ಧತಿ ಶುರುಮಾಡಿದರು. ಅಲ್ಲಿ ನೋಡಿದ್ದನ್ನು ಇಲ್ಲಿ ಕೇಳಬೇಕು, ಇಲ್ಲಿ ಓದಿದ್ದನ್ನು ಅಲ್ಲಿ ಹಚ್ಚಿ ನೋಡಬೇಕು. ನಿನ್ನ ಎಂಟು ವಾರದ ಉದ್ದೇಶವೂ ಅದೇ ಅಲ್ವಾ? ಸರ್ಟಿಫಿಕೇಟ್ ಕೊಂಡರೆ ಈ ಹೋಗಿಬರುವುದೇ ಇಲ್ಲವಾಗುತ್ತದೆ. ನಾಳೆ ಸಂದರ್ಶನದಲ್ಲಿ 'ಅಲ್ಲಿ ಏನು ಮಾಡಿದೆ, ಯಾವುದು ಕಷ್ಟವಾಯಿತು?' ಎಂದು ಕೇಳಿದರೆ ಏನು ಹೇಳುತ್ತೀ?

ಬ್ಯಾಡಗಿಗೆ ಬಾ. ಈಗ ಸುಗ್ಗಿ, ಪೇಟೆ ತುಂಬಿದೆ. ಸೋಮವಾರ, ಗುರುವಾರ ಟೆಂಡರ್. ಒಂದೊಂದು ಲಾಟಿಗೂ ನಂಬರ್ ಇರುತ್ತದೆ. ಖರೀದಿದಾರರು ಕಾಯಿ ಹಿಡಿದು, ಮುರಿದು, ಬಣ್ಣ ನೋಡಿ ಕಂಪ್ಯೂಟರ್‌ನಲ್ಲಿ ದರ ಹಾಕುತ್ತಾರೆ. ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಜಾತಿ. ಡಬ್ಬಿ ಯಾವುದು, ಕಡ್ಡಿ ಯಾವುದು, ಒಂದೇ ದಿನ ಎರಡಕ್ಕೂ ಬೇರೆ ಬೇರೆ ದರ ಯಾಕೆ ಅಂತ ಕೇಳು. ನಮ್ಮ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಎಣ್ಣೆ ತೆಗೆಯುವ ಕಂಪನಿಗಳು ಕೊಳ್ಳುತ್ತವೆ. ಅದು ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ನಮ್ಮ ಕಾಯಿಗೆ 2011ರಲ್ಲಿ ಸಿಕ್ಕ ಜಿಐ, ಅಂದರೆ ಇದು ಈ ಊರಿನ ಕಡೆಯದೇ ಮಾಲು ಎನ್ನುವ ಭೌಗೋಳಿಕ ಗುರುತಿನ ಬಗ್ಗೆ ನೀನು ಮಾರ್ಕೆಟಿಂಗ್ ಪಾಠದಲ್ಲಿ ಓದಿರಬಹುದು. ಆ ಗುರುತಿನಿಂದ ರೈತನ ಪಟ್ಟಿಯಲ್ಲಿ ಏನಾದರೂ ಬದಲಾಯಿತೇ ಎಂದು ಇಲ್ಲಿ ಕೂತು ವಿಚಾರಿಸು. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ಈ ಪೇಟೆ ನಡೆಸುವ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು. ಬೇಡಿಕೆ, ಪೂರೈಕೆ ಅಂತ ನೀವು ಎರಡು ಗೆರೆ ಎಳೆಯುತ್ತೀರಲ್ಲ, ಆ ಗೆರೆಗಳ ಕೆಳಗೆ ಒಂದು ವರ್ಷದ ಸಾಲ ಮಾಡಿ ಬಂದ ಮನುಷ್ಯ ನಿಂತಿರುತ್ತಾನೆ. ಅವನ ಜೊತೆ ಮಾತಾಡದೆ ವ್ಯಾಪಾರ ಕಲಿತೆ ಎಂದು ಹೇಳಬೇಡ.

ಒಂದು ಎಚ್ಚರ. ಕೆಲವು ಕಡೆ ಇಂಟರ್ನ್‌ಗಳಿಗೆ ಜೆರಾಕ್ಸ್, ಚಹಾ, ಇಷ್ಟೇ ಕೆಲಸ. ಅದಕ್ಕೇ ಮೊದಲ ದಿನವೇ ಮಾಲೀಕರ ಹತ್ತಿರ ಯಾವ ವಾರ ಏನು ಕೆಲಸ ಅಂತ ಬರೆಸಿಕೋ. ಪಟ್ಟಿ, ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿಯಲ್ಲಿ ಎಂಟ್ರಿ, ಬ್ಯಾಂಕ್ ಪುಸ್ತಕಕ್ಕೆ ತಾಳೆ, ಉದ್ರಿ ಬಾಕಿಯ ಲೆಕ್ಕ, ಲಾರಿ ಹೊರಡುವಾಗ ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಚೀಟಿ, ಅಂದರೆ ಇ-ವೇ ಬಿಲ್ಲು. ಮಾಲು 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಆ ಬಿಲ್ಲು ಬೇಕು, ಲಾರಿ ನಂಬರಿನ ಒಂದು ಅಂಕಿ ತಪ್ಪಿದರೂ ದಾರಿಯಲ್ಲಿ ತೊಂದರೆ. ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಇವತ್ತು ಏನು ತಿಳಿಯಲಿಲ್ಲ ಎಂಬುದನ್ನು ಬರೆದಿಡು. ತಿಳಿದದ್ದಕ್ಕಿಂತ ಅದೇ ಮುಖ್ಯ. ಹದಿನೈದು ದಿನಕ್ಕೊಮ್ಮೆ ಅದನ್ನು ಧಾರವಾಡದ ನಿನ್ನ ಗೈಡ್ ಮೇಡಂಗೆ ತೋರಿಸು. ಒಮ್ಮೆ ಪೇಟೆಗೆ ಬಂದು ಹೋಗಿ ಎಂದು ಅವರನ್ನು ಧೈರ್ಯವಾಗಿ ಕರೆ. ಹುಡುಗರು ಎಲ್ಲಿ ಕೆಲಸ ಕಲಿಯುತ್ತಿದ್ದಾರೆ ಎಂದು ಕಾಲೇಜಿನವರೂ ಕಣ್ಣಾರೆ ನೋಡಬೇಕು.

ನಿನಗೆ ಈ ಪೇಟೆಯೇ ಬೇಕೆಂದಿಲ್ಲ. ಗದಗಿನ ಪ್ರಿಂಟಿಂಗ್ ಪ್ರೆಸ್, ಹುಬ್ಬಳ್ಳಿಯ ಆಡಿಟರ್ ಆಫೀಸು, ಎಲ್ಲಾದರೂ ಸರಿ, ಕೆಲಸ ನಿಜವಾದದ್ದಾಗಿರಲಿ. ಆದರೆ ಇಲ್ಲಿಗೆ ಬಂದರೆ ಊಟ, ವಸತಿ ನಮ್ಮ ಮನೆಯಲ್ಲಿ. ನಾನು ಅಂಗಡಿಯವರ ಹತ್ತಿರ ಮಾತಾಡಿದ್ದೇನೆ. ತಿಂಗಳಿಗೆ ಸ್ವಲ್ಪ ಭತ್ಯೆಯನ್ನೂ ಕೊಡಲು ಒಪ್ಪಿದ್ದಾರೆ. ಸುಮ್ನೆ ದುಡಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಭಾನುವಾರ ಸಂಜೆಯ ಬಸ್ಸಿಗೆ ಬಾ, ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಎರಡು ದೊಡ್ಡ ಕರ್ಚೀಫ್ ತಾ. ಮೊದಲ ಎರಡು ದಿನ ಘಾಟಿಗೆ ಕೆಮ್ಮು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ.

ನಿನ್ನ ಮಾಮಾ